ಹೂವಿನ ನೈಟಿಯೂ ಅಪ್ಪನ ಬೆಲ್ಟೂ

ನೋವಿನ ಡಾಕ್ಟರನ್ನು ಮೊದಲ ಸಲ ಕಂಡಾಗ ಅವರು ಮೇಜಿನ ಮೇಲಿನ ಪ್ಲಾಸ್ಟಿಕ್ ಬೆನ್ನೆಲುಬಿನ ಧೂಳನ್ನು ಪೆನ್ನಿನ ಮುಚ್ಚಳದಿಂದ ಕೆರೆಯುತ್ತಿದ್ದರು. ಕನ್ನಡಕ ಹಣೆಯ ಮೇಲಿತ್ತು. ಎರಡು ಕೈಯಲ್ಲೂ ಪ್ಯಾಂಟನ್ನು ಸೊಂಟದಿಂದ ದೂರ ಹಿಡಿದುಕೊಂಡು ಒಳಬಂದ ನನ್ನನ್ನು ನೋಡಿ, "ಕೂತ್ಕೊಳ್ಳಿ ಅನ್ನಲ್ಲ, ನಿಂತೇ ಹೇಳಿ" ಎಂದರು. ಅಲ್ಲಿಗೇ ನನಗೆ ಅವರ ಮೇಲೆ ಭಕ್ತಿ ಹುಟ್ಟಿತು!

"ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಎಷ್ಟು ಅಂಕ ಕೊಡ್ತೀರಿ?"

"ಒಂಬತ್ತು, ಮೇಡಂ."

"ಹತ್ತು ಯಾಕಿಲ್ಲ?"

"ಇವರು ಯಾರಿಗೂ ಹತ್ತಕ್ಕೆ ಹತ್ತು ಕೊಡಲ್ಲ, ಡಾಕ್ಟ್ರೇ. ಕಾಲೇಜಲ್ಲೂ ಅಷ್ಟೇ" ಎಂದಳು ನನ್ನ ಹೆಂಡತಿ.

ನಾನು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನವನು. ಬ್ಯಾಟರಿ ಪೆಟ್ಟಿಗೆಯನ್ನು ಒಬ್ಬನೇ ಎತ್ತುತ್ತೇನೆಂದು ಮೀಸೆ ತಿರುವಿ, ಎತ್ತಿ, ಹರ್ನಿಯಾ ಸಂಪಾದಿಸಿದೆ. ಆಪರೇಷನ್ ಆಯಿತು, ಗಾಯ ಮಾಯಿತು. ಆದರೆ ತೊಡೆಸಂದಿಯ ನರವೊಂದು ಆ ಗಾಯದ ಗಂಟಿಗೆ ಸಿಕ್ಕಿಕೊಂಡಿತಂತೆ! ಬಟ್ಟೆ ತಾಗಿದರೆ ಬೆಂಕಿ, ಬೆಲ್ಟ್ ಬಿಗಿದರೆ ಪ್ರಳಯ. ಮನೆಯಲ್ಲಿ ಹೆಂಡತಿಯ ಲೇಸು ಕೊರಳಿನ ಹೂವಿನ ನೈಟಿಯೇ ನನಗೆ ಗತಿ. ನಮ್ಮ ವಂಶದಲ್ಲಿ ಪ್ಯಾಂಟು ತೊಟ್ಟು ಕೆಲಸಕ್ಕೆ ಹೋದ ಮೊದಲ ಗಂಡಸು ನಾನು. ಡಿಗ್ರಿ ಪಾಸಾದ ದಿನ ಅಪ್ಪ ಕೊಡಿಸಿದ ಬೆಲ್ಟು ಮೊಳೆಗೆ ನೇತಾಡಿಕೊಂಡು ನನ್ನನ್ನೇ ನೋಡುತ್ತಿತ್ತು.

ಡಾಕ್ಟರ್ ಉಪಾಯ ಹೇಳಿದರು. ಬೆನ್ನುಹುರಿಯ ಪಕ್ಕ ತೆಳ್ಳನೆಯ ವೈರು ಇಟ್ಟು ಸಣ್ಣ ಕರೆಂಟು ಹರಿಸುವುದು. ನೋವಿನ ಸುದ್ದಿ ಮೆದುಳಿಗೆ ಮುಟ್ಟುವ ಮೊದಲೇ ಮಂಕಾಗುತ್ತದೆ. ಪರೀಕ್ಷೆಗೆಂದು ಒಂದು ವಾರ ಆ ಕರೆಂಟಿನ ಮಿಷನ್ನು ಹೊರಗೇ ಇರುತ್ತದೆ. ನೋವು ಅರ್ಧಕ್ಕೆ ಇಳಿದರೆ ಚರ್ಮದೊಳಗೆ ಕಾಯಂ. ಇಳಿಯದಿದ್ದರೆ ವೈರು ವಾಪಸ್!

"ಮಾಮೂಲಿನ ಹಾಗೇ ಇರಿ. ನಡೀರಿ, ಕೂತ್ಕೊಳ್ಳಿ, ಪ್ಯಾಂಟ್ ಹಾಕಿ ನೋಡಿ. ಬಗ್ಗೋದು, ತಿರುಚೋದು, ಭಾರ ಎತ್ತೋದು ಮಾತ್ರ ಬೇಡ."

ನಾನು ಎದೆಯುಬ್ಬಿಸಿದೆ. ಒಂದನೇ ಕ್ಲಾಸಿನಿಂದ ಈವರೆಗೆ ಫೇಲಾದವನೇ ಅಲ್ಲ, ಈ ವೈರಿನ ಪರೀಕ್ಷೆ ಯಾವ ಲೆಕ್ಕ!

ವೈರು ಬಂತು, ಸೊಂಟದ ಪಕ್ಕ ಮಿಷನ್ನು ಅಂಟಿತು, ಇರುವೆ ಹರಿದಂತೆ ಸಣ್ಣಗೆ ಜುಮುಜುಮು ಶುರುವಾಯಿತು. ನಾನು ನೈಟಿ ತೊಟ್ಟು ಮಂಚ ಹತ್ತಿದವನು ಇಳಿಯಲೇ ಇಲ್ಲ. ಅಲುಗಾಡಿದರೆ ತಾನೇ ನೋವು? ನೋವು ಬಂದರೆ ತಾನೇ ಫೇಲು?

"ಏನ್ರೀ, ಪರೀಕ್ಷೆ ನಿಮಗಾ, ಮಿಷನ್ನಿಗಾ?" ಎಂದಳು ಹೆಂಡತಿ.

"ಇಬ್ಬರಿಗೂ!"

"ಹುಡುಗರು ಲ್ಯಾಬಲ್ಲಿ ಸ್ವಿಚ್ಚೇ ಹಾಕದೆ ರೀಡಿಂಗ್ ಬರೆದರೆ ಏನ್ಮಾಡ್ತೀರಿ?"

"ಸೊನ್ನೆ ಕೊಡ್ತೀನಿ."

"ಹಾಗಾದ್ರೆ ಕೊಟ್ಕೊಳ್ಳಿ!"

ಕೊಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಬೆಲ್ಟು ಬಿಗಿದು, ನೋವು ಬಂದೇಬಿಟ್ಟರೆ? ಇದೇ ಕೊನೆಯ ದಾರಿ ಎಂದಿದ್ದರು ಡಾಕ್ಟರ್. ಅದಕ್ಕೇ ಬೆಲ್ಟಿನ ಕಡೆ ಬೆನ್ನು ಹಾಕಿ ಮಲಗಿದೆ.

ಆಗಲೇ ಕರೆಗಂಟೆ ಸದ್ದಾಯಿತು. ಹೆಂಡತಿ ಬಾಗಿಲ ಕಿಂಡಿಯಲ್ಲಿ ನೋಡಿ ಓಡಿಬಂದಳು.

"ರೀ, ನಿಮ್ಮ ಪ್ರಿನ್ಸಿಪಾಲರು!"

"ಅಯ್ಯೋ! ನೈಟಿ!"

"ತೆಗೀಬೇಡಿ, ವೈರು ಕಿತ್ತು ಬಂದೀತು! ಕಾಲು ಕೊಡಿ!"

ಬಗ್ಗುವಂತಿಲ್ಲವಲ್ಲ, ಶಾಲೆಗೆ ಹೊರಟ ಮಗುವಿನಂತೆ ಮಂಚದ ಅಂಚಿನಲ್ಲಿ ಕೂತು ಕಾಲು ಕೊಟ್ಟೆ. ಅವಳು ಪ್ಯಾಂಟು ತೊಡಿಸಿ, ನೈಟಿಯನ್ನು ಒಳಗೆ ತುರುಕಿ, ಮೇಲೊಂದು ಶರ್ಟು ಹಾಕಿ, ಸಡಿಲ ಪ್ಯಾಂಟು ಜಾರುತ್ತದೆಂದು ಅಪ್ಪನ ಬೆಲ್ಟನ್ನು ಸರ್ರನೆ ಬಿಗಿದಳು. ನಾನು ಕಣ್ಣು ಮುಚ್ಚಿದೆ.

ಪ್ರಿನ್ಸಿಪಾಲರು ಬೆತ್ತದ ಕುರ್ಚಿಯಲ್ಲಿ ಕೂತರು. ನನಗೆ ಉಳಿದಿದ್ದು ಮರದ ಕುರ್ಚಿ. "ನಿಮಗೂ ಕಷ್ಟ, ಹುಡುಗರಿಗೂ ಕಷ್ಟ. ಲ್ಯಾಬು ಬೇರೆಯವರಿಗೆ ಕೊಟ್ಟು, ನಿಮ್ಮನ್ನ ಸ್ಟೋರ್ ರೂಮಿಗೆ ಹಾಕೋಣ ಅಂತ" ಎಂದು ಶುರು ಮಾಡಿದರು.

ಒಂದು ಕಿವಿ ಅವರ ಕಡೆ, ಇನ್ನೊಂದು ತೊಡೆಸಂದಿಯ ಕಡೆ. ಈಗ ಬಂತು, ಇಗೋ ಬಂತು! ಅಡುಗೆಮನೆಯ ಬಾಗಿಲಿಂದ ಹೆಂಡತಿ 'ಎಷ್ಟು?' ಎಂದು ಬೆರಳಾಡಿಸಿದಳು. ನಾನು ತೊಡೆಯ ಮೇಲೆ ಎರಡು ಬೆರಳು ತೋರಿಸಿದೆ. ಅವಳು ನಂಬದೆ ಒಂಬತ್ತು ಬೆರಳು ಎತ್ತಿದಳು. ನಾನು ಎರಡನ್ನೇ ಜೋರಾಗಿ ಅಲ್ಲಾಡಿಸಿದೆ.

"ಏನದು ಎರಡು?" ಎಂದರು ಪ್ರಿನ್ಸಿಪಾಲರು.

"ಸಕ್ಕರೆ, ಸಾರ್. ಎರಡು ಚಮಚ."

"ನಂಗೆ ಶುಗರ್ರು ಕಣ್ರೀ!"

ಕಾಫಿ ಮುಗಿಯಿತು, ಕಾಲೇಜಿನ ರಾಜಕೀಯ ಮುಗಿಯಿತು, ಅವರ ಮಗಳ ಮದುವೆ ಮಾತುಕತೆಯೂ ಮುಗಿಯಿತು. ನೋವು ಬರಲೇ ಇಲ್ಲ! ಇದ್ದದ್ದು ಮೂಲೆಯಲ್ಲಿ ಯಾರೋ ಗೊಣಗಿದಷ್ಟು. ತಟ್ಟನೆ ಎದ್ದು ನಿಂತು, "ಸಾರ್, ಲ್ಯಾಬು ಯಾರಿಗೂ ಕೊಡಬೇಡಿ. ಬರ್ತೀನಿ!" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆಲ್ಟು ನೋಡಿದರು. ಅವರ ಕಣ್ಣು ನನ್ನ ಕಾಲರಿನ ಹತ್ತಿರ ಬಂದು ನಿಂತಿತು.

"ಬನ್ನಿ, ಸಂತೋಷ. ಬರುವಾಗ ಆ ಲೇಸು ಮಾತ್ರ ಒಳಗೆ ಸೇರಿಸ್ಕೊಳ್ಳಿ. ನಮ್ಮ ಮನೇಲೂ ಇದೇ ಹೂವಿಂದು ಒಂದಿದೆ, ಬಣ್ಣ ಬೇಗ ಹೋಗುತ್ತೆ."

ಉಳಿದ ದಿನಗಳಲ್ಲಿ ಹೆಂಡತಿ ನನ್ನನ್ನು ಬೆಲ್ಟು ಸಮೇತ ಬೀದಿಯ ಉದ್ದಕ್ಕೂ ನಡೆಸಿದಳು. ಡಾಕ್ಟರು ಕೇಳಿದಾಗ ಅಂಕ ಹೇಳಿದವಳೂ ಅವಳೇ. ಮಿಷನ್ನು ಒಳಗೆ ಸೇರಿತು.

ಈಗ ನಾನು ಅಪ್ಪನ ಬೆಲ್ಟು ಬಿಗಿದುಕೊಂಡು ದಿನವೂ ಲ್ಯಾಬಿಗೆ ಹೋಗುತ್ತೇನೆ. ಹೊರಡುವ ಮುಂಚೆ ಕಾಲರ್ ಒಂದು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ.