ಬಾಯಿಯೊಳಗೆ ಸಂಸಾರ ಹೂಡಿದ ಕುಲೆ

ಇದನ್ನು ಗಟ್ಟಿಯಾಗಿ ಓದಬೇಡಿ, ಮನಸ್ಸಿನಲ್ಲೇ ಓದಿ. ಓದಿದ ಮೇಲೆ ಯಾರಿಗೂ ಹೇಳುವುದಿಲ್ಲ ಅಂತ ನೀವು ನಂಬಿದ ದೈವದ ಆಣೆ ಹಾಕಿ. ಹಾಕಿದ್ರಾ? ಸರಿ. ನಾನು ಕಲಿತದ್ದು ಮೂರನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪು ಇರಬಹುದು, ವಿಷಯದಲ್ಲಿ ಇಲ್ಲ. ನಮ್ಮ ವಾಮದಪದವಿನಲ್ಲಿ ಇಂಥದ್ದು ಏನಾದರೊಂದು ಆಗ್ತಾನೇ ಇರ್ತದೆ, ಆಗುವಾಗ ಹೇಗೋ ನಾನು ಅಲ್ಲೇ ಇರ್ತೇನೆ. ನನ್ನ ತಪ್ಪಲ್ಲ. ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಜಗಲಿಗೆ ಎದುರು ಉಂಟು.

ಕೆನ್ನೆ

ಪಕ್ಕದ ಮನೆಯವಳು ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅಂತ ಕರೆಯುವುದು. ಅವಳಿಗೆ ಬಲಗಡೆಯ ದವಡೆ ಹಲ್ಲು ನೋಯಲು ಸುರುವಾಯಿತು.

"ಅಕ್ಕಾ, ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ ಆಗ್ತದೆ. ಕೂತರೆ ಮೆಲ್ಲ ಬಡಿಯುವುದು, ಮಲಗಿದರೆ ಜೋರು" ಅಂದಳು.

ಮುಖ ನೋಡಿದೆ. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬಾತ ಬಲಗೆನ್ನೆ. ಅದೇ ಕೆನ್ನೆ! ಇವಳಿಗೊಬ್ಬಳು ಅಕ್ಕ ಇದ್ದಳು. ಆರು ವರ್ಷದವಳಿರುವಾಗ ಜ್ವರ ಬಂದು, ಬಲಗೆನ್ನೆ ಹೀಗೆಯೇ ಬಾತು, ತೀರಿಹೋದಳು. ಇವಳು ಹುಟ್ಟುವುದಕ್ಕೂ ಮೊದಲಿನ ಕಥೆ. ಫೋಟೋ ಸಹ ಇಲ್ಲ. ಆ ಮುಖ ನೋಡಿದವರಲ್ಲಿ ಈಗ ಬದುಕಿರುವುದು ನಾನೊಬ್ಬಳೇ.

"ಹಲ್ಲಲ್ಲ ಮಾರಾಯ್ತಿ, ಅದು ನಿನ್ನ ಅಕ್ಕ. ಮದುವೆ ಮಾಡಿಸಿ ಅಂತ ಬಡಿಯುವುದು" ಅಂದೆ.

ಅವಳ ಮಗಳು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಆಫೀಸು ಕೆಲಸದವಳು. "ಅಮ್ಮ, ಸುಮ್ಮನೆ ಹಲ್ಲಿನ ಡಾಕ್ಟರಲ್ಲಿಗೆ ಹೋಗುವ" ಅಂದಳು.

ನಾನು ಕೇಳಿದೆ: "ದೊಡ್ಡಮ್ಮನನ್ನು ಯಾರಾದರೂ ಇಕ್ಕಳದಲ್ಲಿ ಹಿಡಿದು ಎಳೆಸ್ತಾರಾ?"

ಮದುಮಗಳ ಒಪ್ಪಿಗೆ

ನಮ್ಮ ಕಡೆ ಸತ್ತವರ ಪ್ರೇತಕ್ಕೆ ಕುಲೆ ಅನ್ನುವುದು. ಮದುವೆಯಾಗದೆ ಸತ್ತವರು ಕುಲೆಯಾಗಿ ಮನೆಯವರನ್ನು ಕಾಡಿದರೆ ಕುಲೆ ಮದುವೆ ಮಾಡಿಸುವ ಕ್ರಮ ಉಂಟು. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಬೇಕು. ಜೋಯಿಸರು ಕವಡೆ ಹಾಕಿ, ನಾನು ಮೊದಲೇ ಹೇಳಿದ್ದನ್ನೇ ಹೇಳಿದರು. ಗಂಡು ಹುಡುಕುವುದರಲ್ಲಿ ಎರಡು ವಾರ ಹೋಯಿತು. ಪುಂಜಾಲಕಟ್ಟೆಯ ಸಂಬಂಧ, ಹುಡುಗ ಪ್ರಾಯದಲ್ಲಿ ಚಿಕ್ಕವ ಅಂತ ಬಿಟ್ಟದ್ದು. ಕೊನೆಗೆ ಬೆಳ್ತಂಗಡಿ ಕಡೆಯವನು ಸಿಕ್ಕಿದ. ಒಳ್ಳೆಯ ಮನೆತನ, ಕುಡಿಯುವ ಅಭ್ಯಾಸ ಇಲ್ಲ, ಎಂಟು ವರ್ಷದಲ್ಲಿ ತೀರಿಹೋದವ.

ಎರಡು ಮಣೆ ಇಟ್ಟರು. ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಮನೆ ತುಂಬ ಜನ. ಗಂಡಿನ ಕಡೆಯ ಹಿರಿಯರು ಖಾಲಿ ಮಣೆಯನ್ನು ನೋಡಿ ಕೇಳಿದರು: "ಮದುಮಗಳಿಗೆ ಒಪ್ಪಿಗೆಯಾ?"

ಗಾಳಿ ಇಲ್ಲ, ಫ್ಯಾನ್ ಇಲ್ಲ. ಮಲ್ಲಿಗೆ ಮಾತ್ರ ಸೀರೆಯ ಮೇಲಿಂದ ಮೆಲ್ಲ ಜಾರಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಒಳಗಿನಿಂದ "ಅಯ್ಯಮ್ಮಾ!" ಅಂತ ಒಂದು ಕೂಗು. ಪಕ್ಕದ ಮನೆಯವಳು ಸಿಹಿ ಸಾಕೋ ನೋಡಲು ಬಿಸಿ ಪಾಯಸ ಒಂದು ಚಮಚ ಬಾಯಿಗೆ ಹಾಕಿದ್ದಳು.

ಗಂಡಿನ ಕಡೆಯವರು ಕೈಮುಗಿದರು. "ಒಪ್ಪಿದಳು. ಸ್ವರ ಮಾತ್ರ ಸ್ವಲ್ಪ ಗಡಸು."

ಯಾರ ಮದುವೆ?

ಮದುವೆಯಾದರೂ ನೋವು ಹೋಗಲಿಲ್ಲ. "ಅವಳಿಗೆ ಗಂಡ ಹಿಡಿಸಲಿಲ್ಲ ಅಂತ ಕಾಣ್ತದೆ, ಸ್ವಲ್ಪ ದಿನ ನೋಡುವ" ಅಂದೆ. ಒಂದು ವಾರ ನೋಡಿದೆವು. ಬಾವು ಕುತ್ತಿಗೆಗೆ ಇಳಿಯಿತು, ಉಗುಳು ನುಂಗಲೂ ಆಗುವುದಿಲ್ಲ. ಮಗಳು ನನ್ನ ಹತ್ತಿರ ಒಂದು ಮಾತು ಕೇಳದೆ ತಾಯಿಯನ್ನು ರಿಕ್ಷಾಕ್ಕೆ ಹತ್ತಿಸಿದಳು. ನಾನೂ ಹತ್ತಿದೆ. ವಿಷಯ ಪೂರ್ತಿ ಗೊತ್ತಿದ್ದವಳು ನಾನೇ ಅಲ್ವಾ?

ಮೂಡುಬಿದಿರೆಯ ಆ ಡಾಕ್ಟರು ಹುಬ್ಬಳ್ಳಿ ಕಡೆಯ ಹುಡುಗಿ. ಎಕ್ಸ್‌ರೇ ತೆಗೆದು ಟಿವಿಯಲ್ಲಿ ತೋರಿಸಿದಳು. ಎದುರು ಕೂತವಳು ಉಸಿರಾಡ್ತಿದ್ದಾಳೆ, ಅವಳ ಎಲುಬು ಮಾತ್ರ ಅಲ್ಲಿ ಗೋಡೆಯ ಮೇಲೆ ಹಲ್ಲು ಕಿರಿಯುತ್ತಾ ಉಂಟು.

"ಬೇರಿನ ತುದಿಯೊಳಗ ಕೀವು ತುಂಬೇತ್ರಿ. ಇನ್ನೆರಡು ದಿನ ಬಿಟ್ಟಿದ್ರ ಉಸಿರಿಗೇ ತ್ರಾಸ ಆಗತಿತ್ತು, ಜೀವಕ್ಕ ಬರತಿತ್ತು. ಇಷ್ಟ ದಿನ ಏನ ಮಾಡಾಕ ಹತ್ತಿದ್ರಿ?"

ಮಗಳು ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ.

"ಮನೆಯಲ್ಲಿ ಮದುವೆ ಇತ್ತು ಡಾಕ್ಟರೇ" ಅಂದಳು ಮಗಳು.

"ಯಾರದ್ರಿ?"

"ನನ್ನ ದೊಡ್ಡಮ್ಮಂದು."

"ಹೌದಾ! ವಯಸ್ಸೆಷ್ಟು?"

"ಆರು."

ನೂಲು

ಇಂಜೆಕ್ಷನ್ ಕೊಟ್ಟರು, ಹಲ್ಲಿಗೆ ತೂತು ಮಾಡಿದರು, ಕೀವು ಹೊರಗೆ ಬಂತು. ಆಮೇಲೆ ಕೂದಲಿನಷ್ಟು ಸಪೂರದ ಸೂಜಿಗಳನ್ನು ಬೇರಿನೊಳಗೆ ಇಳಿಸಿ ತಿರುಪುವುದು. ಪಕ್ಕದಲ್ಲೊಂದು ಚಿಕ್ಕ ಯಂತ್ರ. ಸೂಜಿ ಆಳಕ್ಕೆ ಹೋದ ಹಾಗೆ ಅದು ಕೂಗುವುದು. ಮೊದಲು ನಿಲ್ಲಿಸಿ ನಿಲ್ಲಿಸಿ, ಆಮೇಲೆ ಬೇಗ ಬೇಗ.

"ಅದು ಎಂತಕ್ಕೆ ಕೂಗುವುದು?"

"ಬೇರಿನ ತುದಿ ಬಂತು ಅಂತ ಹೇಳ್ತೈತ್ರಿ ಅಜ್ಜಿ."

ನನಗೇನೂ ಹಾಗೆ ಕೇಳಲಿಲ್ಲ, ಚಿಕ್ಕ ಹುಡುಗಿ ಅತ್ತ ಹಾಗೆ ಕೇಳಿತು. ಸೂಜಿ ಹೊರಗೆ ಬರುವಾಗ ತುದಿಯಲ್ಲಿ ಕೆಂಪು ನೂಲಿನ ಹಾಗೆ ಒಂದು ಚೂರು. "ಇದು ನರ" ಅಂದಳು ಡಾಕ್ಟರು. ನಾನು ಸೆರಗು ಒಡ್ಡಿದೆ. "ಕೊಡಿ, ಹೊಳೆಗೆ ಬಿಡ್ತೇವೆ."

ಡಾಕ್ಟರು ನನ್ನನ್ನು ಹೊರಗೆ ಹಾಕಿದಳು.

ಬಸ್ಸು

ಮದ್ದು ಇಟ್ಟು, ಮೇಲೆ ಬಿಳಿ ಹಿಟ್ಟಿನ ಹಾಗಿನದ್ದು ತುಂಬಿಸಿ ಕಳುಹಿಸಿದರು. ಆ ಕಡೆಯಲ್ಲಿ ಕಚ್ಚಬೇಡಿ, ಮಾತ್ರೆ ಬಿಡಬೇಡಿ, ಎರಡು ಮೂರು ದಿನ ಸ್ವಲ್ಪ ನೋವು ಇರ್ತದೆ, ಮುಂದಿನ ವಾರ ಬನ್ನಿ ಅಂತ. ಬಸ್ಸಿನಲ್ಲಿ ಪಕ್ಕದ ಮನೆಯವಳ ಅರ್ಧ ಮುಖ ಇಂಜೆಕ್ಷನಿಗೆ ಮರಗಟ್ಟಿ ಜೋತುಬಿದ್ದಿತ್ತು. ಒಂದು ಕಣ್ಣಲ್ಲಿ ನನ್ನನ್ನು ನೋಡ್ತಾ ತನ್ನ ಕೆನ್ನೆಯನ್ನು ತಾನೇ ಮುಟ್ಟಿದಳು, ಚಿವುಟಿದಳು.

"ಅಕ್ಕಾ, ಇದು ನನ್ನದಲ್ಲ."

"ಗೊತ್ತು" ಅಂದೆ, "ಅದು ನಿನ್ನ ಅಕ್ಕನದ್ದು. ಅವಳು ಸತ್ತು ಅರವತ್ತು ವರ್ಷದ ಮೇಲಾಯ್ತು."

ಮುಂದಿನ ಸ್ಟಾಪಿನಲ್ಲಿ ನಮ್ಮ ಹಿಂದಿನ ಎರಡು ಸೀಟು ಖಾಲಿ.

ಹೆಣ್ಣೋ ಗಂಡೋ

ಬಾವು ಇಳಿಯಿತು. ಆದರೂ ತಣ್ಣನೆ ನೀರು ತಾಗಿದರೆ ಒಳಗೆ ಒಂದು ಬಡಿತ. ಎರಡನೇ ಸಲ ಹೋದಾಗ ಡಾಕ್ಟರು ಕನ್ನಡಕಕ್ಕೆ ಭೂತಗನ್ನಡಿ ಸಿಕ್ಕಿಸಿ ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲ ಹೇಳಿದಳು:

"ಹಿಂದಿನ ಮೂಲ್ಯಾಗ ಇನ್ನೊಂದು ಅಡಗಿ ಕುಂತೇತ್ರಿ. ಇದಕ್ಕ ಇನ್ನೂ ಜೀವ ಐತಿ."

ಕೆಲವರಿಗೆ ಒಂದು ಬೇರು ಹೆಚ್ಚು ಇರ್ತದಂತೆ. ಅದು ಅವಳ ಲೆಕ್ಕ. ನಾನು ಬಾಗಿಲ ಹೊರಗಿನಿಂದಲೇ ಕೇಳಿದೆ: "ಹೆಣ್ಣೋ ಗಂಡೋ?"

ಮತ್ತೆಂತ? ಮದುವೆ ಮಾಡಿಸಿದ್ದು ನಾವೇ. ಅಳಿಯ ಹೆಂಡತಿಯ ಮನೆಯಲ್ಲೇ ಬಂದು ಕೂತಿದ್ದಾನೆ.

ಜಾಗ

ಅದನ್ನೂ ತೆಗೆದು, ಬೇರು ತುಂಬಿಸಿ, ಮೂರನೇ ಸಲಕ್ಕೆ ಅಳತೆ ತೆಗೆದು, ನಾಲ್ಕನೇ ಸಲಕ್ಕೆ ಕ್ಯಾಪು ಕೂರಿಸಿದರು. "ಹಲ್ಲು ಸತ್ತೇತ್ರಿ. ಆದ್ರ ತನ್ನ ಜಾಗದಾಗ ಇರತೈತಿ, ನಿಮ್ಮ ಕೂಡ ಊಟಾನೂ ಮಾಡತೈತಿ" ಅಂದಳು ಡಾಕ್ಟರು.

ಸತ್ತದ್ದು, ಜಾಗ ಬಿಡದ್ದು, ನಮ್ಮ ಜೊತೆಗೆ ಊಟಕ್ಕೆ ಕೂರುವುದು. ಅದಕ್ಕೆ ನಮ್ಮಲ್ಲಿ ಎಂತ ಹೇಳುವುದು? ಇಷ್ಟನ್ನೇ ನಾನು ಅಂಗಡಿಯಲ್ಲಿ ಹೇಳಿದ್ದು, ಹಾಲಿನ ಡೈರಿಯಲ್ಲಿ ಹೇಳಿದ್ದು. ಗುಟ್ಟಾಗಿಯೇ ಹೇಳಿದ್ದು. ಮುಂದಿನ ಭಾನುವಾರ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಮನೆಯವಳು ಕೂತಳು. ಅವಳ ಎಡಗಡೆ ಮೂರು ಎಲೆ ಖಾಲಿ, ಬಲಗಡೆ ಮೂರು ಎಲೆ ಖಾಲಿ. ಯಾರೂ ಬಂದು ಕೂರಲಿಲ್ಲ.

ಊಟ ಬಿಟ್ಟು ಎದ್ದು ಬಂದವಳು ಸೀದಾ ನಮ್ಮ ಕಿಟಕಿಗೆ ಬಂದಳು. ಬೈಯಲಿಲ್ಲ. ಸರಳು ಹಿಡಿದು, ತಣ್ಣಗೆ ನನ್ನ ಮುಖ ನೋಡಿ ಹೇಳಿದಳು:

"ಅಕ್ಕಾ, ನಿಮ್ಮ ಮಾತು ಕೇಳಿ ನಾನು ಸಾಯ್ಲಿಕ್ಕಿತ್ತು. ಸತ್ತಿದ್ದರೆ ಕುಲೆಯಾಗಿ ಸೀದಾ ನಿಮ್ಮ ಬಾಯಿಯಲ್ಲೇ ಬಂದು ಕೂರುವ ಅಂತಿದ್ದೆ. ಆದರೆ ಅಲ್ಲಿ ಜಾಗ ಎಲ್ಲಿ ಉಂಟು? ಇಡೀ ವಾಮದಪದವು ಮೊದಲೇ ಬಂದು ಕೂತಿದೆ."