ಲೆಕ್ಕಕ್ಕೆ ಸಿಗದ ಸರಪಳಿ

ಬೆಳಗಿನ ಕಾಫಿಯ ಎರಡನೆಯ ಗುಟುಕಿಗೆ ಆರ್ವಿಡ್‌ಗೆ ತನ್ನ ತಪ್ಪು ಹೊಳೆಯಿತು. ಓರುಸ್ಟ್ ದ್ವೀಪದ ಒಂದು ದೋಣಿ ಕಾರ್ಖಾನೆಗಾಗಿ ಅವನು ಮೂರು ವರ್ಷ ಕೂತು ನಕ್ಷೆ ಬರೆದಿದ್ದ. ಮಹಾಸಾಗರ ದಾಟುವ ಹಾಯಿದೋಣಿ. ಅದರ ತೂಕದ ಪಟ್ಟಿಯಲ್ಲಿ ಅಡುಗೆಮನೆಯ ಚಮಚಗಳೂ ಇದ್ದವು. ದೋಣಿಯ ಮುಂತುದಿಯಲ್ಲಿ, ಅಂದರೆ ಮೂತಿಯಲ್ಲಿ ಕೂರುವ ಲಂಗರು, ಅದರ ಎಂಬತ್ತು ಮೀಟರ್ ಸರಪಳಿ ಮಾತ್ರ ಇರಲಿಲ್ಲ. ಇನ್ನೂರು ಕಿಲೋಗೂ ಮಿಕ್ಕಿದ ತೂಕ.

ಹತ್ತು ಗಂಟೆಗೆ ಮೊದಲ ದೋಣಿ ನೀರಿಗಿಳಿಯಬೇಕು. ಅದೇ ಅಚ್ಚಿನ ಇನ್ನೂ ಒಂಬತ್ತು ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಕೊಂಡ ಎಬ್ಬಾ, ನಿವೃತ್ತ ಶಿಕ್ಷಕಿ, ಒಬ್ಬಳೇ ಅಟ್ಲಾಂಟಿಕ್ ದಾಟುವವಳು. ಮೂತಿ ತಗ್ಗಿದ ದೋಣಿ ದೊಡ್ಡ ಅಲೆಗೆ ಸಿಕ್ಕರೆ ನೀರೊಳಗೆ ನುಗ್ಗಿಯೇ ಬಿಡುತ್ತದೆ.

ಒಡತಿ ಬ್ರಿಟ್ಟಾಳ ಬಳಿ ಓಡಿದ. "ಬ್ರಿಟ್ಟಾ, ಆ ಸರಪಳಿ..."

"ಅದನ್ನ ಮೇಸ್ತ್ರಿ ಹಿಲ್ಡಿಂಗ್ ಆಗ್ಲೇ ಹಾಕ್ಸಿದಾನೆ. ಪತ್ರಿಕೆಯವರು ಬಂದಿದಾರೆ, ನೀನು ಮುಖ ತೊಳ್ಕೊಂಡು ಬಾ. ಮೂರು ದಿನದ ಮೀನಿನ ಹಾಗೆ ಕಾಣ್ತಿದೀಯ."

ಪತ್ರಿಕೆಯವರೆದುರು ತಪ್ಪು ಒಪ್ಪಿಕೊಳ್ಳಲು ಆಗಲಿಲ್ಲ. ಸುಮ್ಮನಿರಲೂ ಆಗಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಮರಳಿನ ಚೀಲಗಳನ್ನು ಒಂದೊಂದಾಗಿ ಕೋಟಿನಡಿ ಹೊತ್ತು ದೋಣಿಯ ಹಿಂಬದಿಯ ಗೂಡಿಗೆ ತುಂಬತೊಡಗಿದ. ಐದನೆಯ ಚೀಲಕ್ಕೆ ಮೇಸ್ತ್ರಿ ಹಿಲ್ಡಿಂಗ್ ಎದುರಾದ.

"ಏನಪ್ಪಾ ಅದು?"

"ಬನ್ನು. ಕಾಫಿ ಜೊತೆಗೆ."

"ಬನ್ನಿಗೆ ಇಷ್ಟು ಏದುಸಿರಾ?"

"ದಾಲ್ಚಿನ್ನಿ ಸ್ವಲ್ಪ ಜಾಸ್ತಿ."

ಹಿಲ್ಡಿಂಗ್ ತಲೆ ಕೆರೆದುಕೊಂಡು ಹೋದ. ಆರ್ವಿಡ್ ಎಂಟು ಚೀಲ ಮುಗಿಸಿದ.

ಕ್ರೇನು ದೋಣಿಯನ್ನು ಇಳಿಸಿತು. ಆರ್ವಿಡ್ ಕಣ್ಣು ಮುಚ್ಚಿದ. ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು. ಕಣ್ಣು ಬಿಟ್ಟರೆ ದೋಣಿ ಮೂತಿ ಮೇಲೆತ್ತಿ, ಬಿಸ್ಕತ್ತಿಗೆ ಕೂತ ನಾಯಿಯ ಹಾಗೆ ಬಾಲದ ಮೇಲೆ ಕೂತಿತ್ತು. ಹಿಂಬದಿಯಲ್ಲಿ ಬರೆದ ಹೆಸರು ಅರ್ಧ ನೀರಲ್ಲಿತ್ತು.

"ಇದೇನಿದು?" ಬ್ರಿಟ್ಟಾಳ ದನಿ ಮೆಲ್ಲಗಿತ್ತು. ಅವಳು ಮೆಲ್ಲಗೆ ಮಾತಾಡಿದರೆ ಎಲ್ಲರಿಗೂ ಹೆದರಿಕೆ.

"ತಪ್ಪು ನಂದು," ಎಂದ ಆರ್ವಿಡ್. "ಸರಪಳಿ ಲೆಕ್ಕಕ್ಕೆ ಹಿಡೀಲಿಲ್ಲ. ಸರಿದೂಗ್ಲಿ ಅಂತ ಹಿಂದೆ ಮರಳು ತುಂಬಿದೆ."

ಹಿಲ್ಡಿಂಗ್ ಟೋಪಿ ತೆಗೆದ. "ಅದನ್ನ ನಾನು ಚಳಿಗಾಲದಲ್ಲೇ ನೋಡಿದ್ದೆ. ನೀನು ನೊಂದ್ಕೋತೀಯ ಅಂತ ಬ್ಯಾಟರಿಗಳನ್ನ ಸದ್ದಿಲ್ದೆ ಹಿಂದಕ್ಕೆ ಹಾಕ್ಸಿದೆ."

"ಬ್ಯಾಟರೀನಾ?" ಬಡಗಿ ಟೂರೆ ಬಿಳಿಚಿಕೊಂಡ. "ಅದಕ್ಕೇ ಅಂತ ನಾನು ನೀರಿನ ಟ್ಯಾಂಕ್ ಹಿಂದಕ್ಕೆ ತಳ್ಳಿದೀನಲ್ಲ."

"ಇದೊಂದರಲ್ಲೇನಾ?" ಎಂದಳು ಬ್ರಿಟ್ಟಾ.

"ಹತ್ತರಲ್ಲೂ."

ಮರಳು ಇಳಿಸಿದರೂ ಬಾಲ ಪೂರ್ತಿ ಏಳಲಿಲ್ಲ. ಪತ್ರಿಕೆಯವರು ಕಾಯುತ್ತಿದ್ದರು. ಬ್ರಿಟ್ಟಾ ಆರ್ವಿಡ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತೂಕ ಕೇಳಿದಳು. ತೊಂಬತ್ತಾರು ಕಿಲೋ ಎಂದ. ಅವನನ್ನೇ ಭಾರವಾಗಿ ಮೂತಿಯಲ್ಲಿ ಕೂರಿಸಿ, ಎಬ್ಬಾಳ ಕೈಗೆ ಚುಕ್ಕಾಣಿ ಕೊಟ್ಟು ದೋಣಿ ಬಿಟ್ಟರು. ಏರಿಳಿಯುವ ಅಲೆಗಳಲ್ಲಿ ಅವನು ಒಂದು ಗಂಟೆ ಮೂತಿಯ ಕಂಬಿ ತಬ್ಬಿಕೊಂಡು ದೇವರನ್ನು ನೆನೆದ. ದೋಣಿ ಮಾತ್ರ ಬಾತುಕೋಳಿಯ ಹಾಗೆ ಸಮನಾಗಿ ತೇಲಿತು.

ದಡಕ್ಕೆ ಬಂದಾಗ ಎಬ್ಬಾಳ ಮುಖ ಅರಳಿತ್ತು. "ಏನನ್ನೂ ಬಿಚ್ಚಬೇಡಿ ಬ್ರಿಟ್ಟಾ, ಹೀಗೇ ಇರ್ಲಿ. ಮಾರಿದ ಮೇಲೆ ಮೂರು ತಿಂಗಳು ನಿಮ್ಮ ಸೇವೆ ಉಚಿತ ಅಂತ ಒಪ್ಪಂದದಲ್ಲಿ ಇದೆಯಲ್ಲ?"

"ಇದೆ."

"ಹಾಗಾದ್ರೆ ಗುರುವಾರ ಹೊರಡ್ತೀವಿ. ಮೂತೀಲಿ ಕೂರೋಕೆ ಇವನಿಗೆ ಒಂದು ದಪ್ಪ ಸ್ವೆಟರ್ ಕೊಟ್ಟು ಕಳ್ಸಿ."