ಮಾವನ ಮನೆಯ ಹಡಗು

ಬೆಳಗ್ಗೆ ತನ್ನ ಕಂಪ್ಯೂಟರ್ ಅಂಗಡಿಯ ಬಾಗಿಲು ಎತ್ತಿದ ಕೂಡಲೇ ರಿಪೇರಿಯವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಮೂಲೆಯ ಮೇಜಿನ ಕೆಳಗೆ, ವರ್ಷಗಟ್ಟಲೆ ರಜೆ ಕೇಳದೆ ಗುಂಯ್‌ಗುಡುತ್ತಿದ್ದ ಹಳೇ ಕಂಪ್ಯೂಟರು ಸದ್ದಿಲ್ಲದೆ ಕೂತಿತ್ತು. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಕರಿ. ಅವನು ತಲೆ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದ.

"ಹೋಯ್ತು! ಮಾವನ ಮನೆ ಹಡಗು ಮುಳುಗಿತು!"

ಬೀದಿಗೆಲ್ಲ ಅವನು ರಿಪೇರಿ. ಕಂಪ್ಯೂಟರು ಕೆಟ್ಟರೂ ರಿಪೇರಿ, ಪ್ರಿಂಟರು ಹಾಳೆ ನುಂಗಿದರೂ ರಿಪೇರಿ, ಮಿಕ್ಸಿ ಮುನಿಸಿಕೊಂಡರೂ ರಿಪೇರಿಯೇ. ಹೆಂಡತಿಯ ತವರಿನಲ್ಲಿ ಮಾತ್ರ ಅವನು 'ಕಂಪ್ಯೂಟರ್ ಅಳಿಯಂದ್ರು'. ಜನ್ಮದಲ್ಲಿ ಅವನು ಗಳಿಸಿದ ಬಿರುದು ಅದೊಂದೇ, ಅದೂ ಹಡಗಿನಿಂದ ಬಂದದ್ದು.

ಹಡಗು ಅಂದರೆ ನೀರಿನ ಮೇಲೆ ತೇಲುವ ಹಡಗಲ್ಲ. ಊರಿಗೆ ಇಂಟರ್‌ನೆಟ್ ಆಗತಾನೆ ಕಾಲಿಟ್ಟಿದ್ದಾಗಿನ ಒಂದು ಬ್ರೌಸರು. ಅದಕ್ಕೂ ಮೊದಲು ಪರದೆಯ ಮೇಲೆ ಬರೀ ಅಕ್ಷರಗಳು ಇರುವೆ ಸಾಲಿನ ಹಾಗೆ ಬರುತ್ತಿದ್ದವು. ಇದು ಬಂದಮೇಲೆ ಅಕ್ಷರದ ಪಕ್ಕದಲ್ಲೇ ಚಿತ್ರವೂ ಬಂದು ಕೂತಿತು. ಮೂಲೆಯಲ್ಲೊಂದು ಪುಟಾಣಿ ಹಡಗಿನ ಗುರುತು. ಪುಟ ಬರುತ್ತಿರುವಷ್ಟು ಹೊತ್ತೂ ಅದು ಅಲೆಗಳ ಮೇಲೆ ಕುಣಿಯುತ್ತಿತ್ತು, ಬಂದು ಮುಗಿದಾಗ ತಟ್ಟನೆ ನಿಲ್ಲುತ್ತಿತ್ತು. ರಿಪೇರಿ ಹೆಣ್ಣು ಕೇಳಲು ಹೋದಾಗ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದು ಈ ಹಡಗಿನ ಸಿ.ಡಿ.ಯನ್ನೇ. ಆಗಿನ್ನೂ ಭೂಗೋಳದ ಮೇಷ್ಟ್ರಾಗಿದ್ದ ಮಾವನ ಎದುರಿಗೆ ಅವನು ಅವರದೇ ಕಂಪ್ಯೂಟರಿನಲ್ಲಿ ಒಂದು ಜ್ವಾಲಾಮುಖಿಯ ಚಿತ್ರ ತೆರೆದ. ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯಿತು. ಮೊದಲು ಹೊಗೆ ಬಂತು, ಆಮೇಲೆ ಬೆಂಕಿ, ಬಹಳ ಹೊತ್ತಾದ ಮೇಲೆ ಬೆಟ್ಟ. ಬೆಟ್ಟದ ಬುಡ ಬರುವಷ್ಟರಲ್ಲಿ ಎರಡು ಸುತ್ತು ಚಹಾ ಆಗಿತ್ತು, ಮದುವೆ ಮಾತೂ ಮುಗಿದಿತ್ತು.

ಆಮೇಲೆ ಕೇಳಬೇಕೆ! ಮನೆಮನೆಯಲ್ಲೂ ಹಡಗು. ಪತ್ರಿಕೆ ಕೊಂಡರೆ ಹಡಗಿನ ಸಿ.ಡಿ. ಪುಕ್ಕಟೆ. ಆದರೆ ಏರಿದವನು ಇಳಿಯಲೇಬೇಕಲ್ಲ. ಹೊಸ ಕಂಪ್ಯೂಟರುಗಳು ಹೊಟ್ಟೆಯೊಳಗೇ ತಮ್ಮದೊಂದು ಬ್ರೌಸರು ಇಟ್ಟುಕೊಂಡು ಬಂದವು. ಮನೆಯಲ್ಲೇ ನಲ್ಲಿ ಇರುವಾಗ ಕೊಡ ಹೊತ್ತು ಬಾವಿಗೆ ಯಾರು ಹೋಗುತ್ತಾರೆ? ಜನ ಹಡಗನ್ನು ಮರೆತರು. ಅದನ್ನು ಮಾಡಿದ ಕಂಪನಿಯೂ ಬಾಗಿಲು ಹಾಕಿತು. ಉಳಿದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ಅದಕ್ಕೂ ಕಾರಣವಿತ್ತು. ರಿಪೇರಿ ಒಮ್ಮೆ ಅದನ್ನು ಬದಲಾಯಿಸಲು ಹೋದಾಗ ಅತ್ತೆ ಅವನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ್ದರು: "ಅಳಿಯಂದ್ರೇ, ನಿಮ್ಮ ಮಾವಂಗೆ ಹಡಗು ಅಂದ್ರೆ ಪ್ರಾಣ. ಅದನ್ನ ತೆಗೆದ್ರೆ ಊಟ ಬಿಟ್ಟುಬಿಡ್ತಾರೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಈಗಿನ ಪುಟಗಳು ಹಳೇ ಹಡಗಿಗೆ ಎಲ್ಲಿ ಜೀರ್ಣವಾಗಬೇಕು? ರಿಪೇರಿ ಅಂಗಡಿಯ ಮೂಲೆಯಲ್ಲೊಂದು ಕಂಪ್ಯೂಟರು ಇಟ್ಟು, ಬೊಚ್ಚುಬಾಯಿಯ ಮುದುಕರಿಗೆ ಅನ್ನ ಅರೆದು ಕೊಡುವ ಹಾಗೆ, ಪುಟಗಳನ್ನೆಲ್ಲ ಅದರಲ್ಲಿ ಅರೆದು ಮೆದು ಮಾಡಿ ಮಾವನ ಮನೆಗೆ ಕಳಿಸುವ ಏರ್ಪಾಡು ಮಾಡಿದ್ದ. ಇವತ್ತು ಸುಟ್ಟು ಹೋದದ್ದು ಅದೇ.

ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಸಾಯಂಕಾಲ ಅಕ್ಕ, ಭಾವ ಅಪ್ಪನ ಮನೆಗೆ ಬರ್ತಿದ್ದಾರಂತೆ. ಭಾವ ಅಪ್ಪಂಗೆ ಹೊಸ ಟ್ಯಾಬ್ ತರ್ತಿದ್ದಾರಂತೆ. ನಿಮ್ಮ ಹಡಗು ನೆಟ್ಟಗಿದೆ ತಾನೆ?"

"ಅದಕ್ಕೇನು, ಗುಂಡುಕಲ್ಲಿನ ಹಾಗಿದೆ" ಎಂದ ರಿಪೇರಿ.

ಷಡ್ಡಕ! ಪ್ರತಿಯೊಂದು ಸಮಾರಂಭದಲ್ಲೂ ರಿಪೇರಿಯ ಭುಜ ತಟ್ಟಿ "ಏನಪ್ಪಾ, ಇನ್ನೂ ಅದೇ ಅಂಗಡೀನಾ?" ಎಂದು ಕೇಳುವ ಪುಣ್ಯಾತ್ಮ. ಅವನು ಬರುವ ಹೊತ್ತಿಗೆ ಹಡಗು ಸತ್ತು ಬಿದ್ದಿದ್ದರೆ ಮುಗಿಯಿತು. ಟ್ಯಾಬು ಮಾವನ ಕೈ ಸೇರುತ್ತದೆ, ಕಂಪ್ಯೂಟರ್ ಅಳಿಯನ ಪಟ್ಟ ಷಡ್ಡಕನ ತಲೆ ಸೇರುತ್ತದೆ. ರಿಪೇರಿ ಅಂಗಡಿಯ ಬಾಗಿಲು ಎಳೆದು ಮಾವನ ಮನೆಗೆ ಓಡಿದ.

ಮಾವ ಕಂಪ್ಯೂಟರಿನ ಮುಂದೆ ಕೂತಿದ್ದರು. ಎಡಕ್ಕೆ ಮೌಸು, ಬಲಕ್ಕೆ ಒಂದು ತಟ್ಟೆ ಬೀನ್ಸು, ಕೈಯಲ್ಲಿ ಚಾಕು. ಸುಮ್ಮನೆ ಕೂರುವುದು ಮೇಷ್ಟ್ರ ಜಾಯಮಾನವಲ್ಲ. ಮೌಸು ಒತ್ತಿ ಚಾಕು ಹಿಡಿದರೆ, ಹಡಗು ನಿಲ್ಲುವವರೆಗೂ ಏನಾದರೊಂದು ಹೆಚ್ಚುತ್ತಾ ಇರುವುದು ಅವರ ವರ್ಷಗಳ ಅಭ್ಯಾಸ.

"ಬನ್ನಿ ಅಳಿಯಂದ್ರೇ. ಇವತ್ತು ಹಡಗು ಯಾಕೋ ಒಂದೇ ಸಮ ಕುಣೀತಾನೇ ಇದೆ. ನಿಲ್ಲೋ ಹಾಗೇ ಕಾಣಲ್ಲ."

"ಧೂಳು ಮಾವ, ಧೂಳು! ನೀವು ಆ ಕಡೆ ಕೂತ್ಕೊಳ್ಳಿ, ಒಂದು ಗಳಿಗೇಲಿ ಕೊಡವಿಬಿಡ್ತೀನಿ."

ಅವನ ಉಪಾಯ ಸರಳವಾಗಿತ್ತು. ಹೊಸ ಬ್ರೌಸರು ಹಾಕುವುದು, ಅದಕ್ಕೆ ಹಡಗಿನ ವೇಷ ತೊಡಿಸುವುದು. ಅದೇ ಬಣ್ಣ, ಅದೇ ಗುಂಡಿಗಳು, ಮೂಲೆಯಲ್ಲಿ ಅದೇ ಹಡಗು. ವೇಷ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ "ಏನ್ ನಡೀತಿದೆ?" ಎನ್ನುತ್ತಾ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಒಳಗೆ ಬಂದರು. ಪರರ ಕೆಲಸ ಅಂದರೆ ಅವರಿಗೆ ಸಕ್ಕರೆ. ಅದೇ ಗಳಿಗೆಯಲ್ಲಿ ಅತ್ತೆ ಚಹಾಕ್ಕೆ ಕರೆದರು. ರಿಪೇರಿ ಎದ್ದು ಹೋಗಿ ಲೋಟ ಹಿಡಿದು ಬರುವಷ್ಟರಲ್ಲಿ ಕಂಡಕ್ಟರು ಕುರ್ಚಿಯಲ್ಲಿ ಕೂತಾಗಿತ್ತು.

ಪರದೆ 'ಮುಂದೆ' ಎಂಬ ಗುಂಡಿ ತೋರಿಸುತ್ತಿತ್ತು. ಜೀವಮಾನವಿಡೀ ಜನರಿಗೆ ಮುಂದೆ ಹೋಗಿ ಎಂದು ಹೇಳಿದ ಮನುಷ್ಯ ಆ ಗುಂಡಿ ಕಂಡು ಸುಮ್ಮನಿರುತ್ತಾರೆಯೇ?

"ಮುಂದೆ… ಮುಂದೆ… ಒಳಗೆ ಜಾಗ ಇದೆ, ಮುಂದೆ ಹೋಗಿ…" ಎನ್ನುತ್ತಾ ಪಟಪಟ ಒತ್ತುತ್ತಿದ್ದರು.

"ಅಯ್ಯೋ ಸ್ವಾಮಿ, ನಿಲ್ಲಿಸಿ!"

"ಸ್ಟಾಪ್ ಬರ್ಲಿ, ನಿಲ್ಲಿಸ್ತೀನಿ."

ಸ್ಟಾಪು ಬರುವಷ್ಟರಲ್ಲಿ ಕರೆಯದ ನೆಂಟರೆಲ್ಲ ಪರದೆಯ ಮೇಲೆ ಬಂದು ಕೂತಿದ್ದರು. ಒಂದು ಪೆಟ್ಟಿಗೆ ಹವಾಮಾನ ಹೇಳಿತು, ಇನ್ನೊಂದು ಜಾತಕ ಕೇಳಿತು, ಮತ್ತೊಂದರಿಂದ ಯಾರೋ ಹೆಂಗಸು "ಅಭಿನಂದನೆಗಳು! ನೀವು ಗೆದ್ದಿದ್ದೀರಿ!" ಎಂದು ಮನೆಯೆಲ್ಲ ಕೇಳುವಂತೆ ಕೂಗಿದಳು.

"ಯಾರು ಗೆದ್ದಿದ್ದು?" ಎಂದು ಮಾವ ವರಾಂಡದಿಂದ ಕೇಳಿದರು.

"ನಾನೇ ಇರ್ಬೇಕು, ಒತ್ತಿದ್ದು ನಾನಲ್ವಾ!" ಎಂದರು ಕಂಡಕ್ಟರು. ಏನು ಗೆದ್ದೆನೆಂದು ತಿಳಿಯದೆ ಎದ್ದು ಹೋಗಲು ಒಪ್ಪಲಿಲ್ಲ. ರಿಪೇರಿ ಕೈಮುಗಿದು ಅವರನ್ನು ಬಾಗಿಲು ದಾಟಿಸಿ, ಪರದೆಯ ನೆಂಟರನ್ನು ಒಬ್ಬೊಬ್ಬರಾಗಿ ಹೊರದಬ್ಬುವಷ್ಟರಲ್ಲಿ ಮಧ್ಯಾಹ್ನವಾಯಿತು.

ಕೊನೆಗೂ ಮಾವ ಬಂದು ಕೂತರು. ಪತ್ರಿಕೆಯ ಪುಟಕ್ಕೆ ಮೌಸು ಒತ್ತಿದರು. ಚಾಕುವಿಗೆ ಕೈ ಚಾಚುವಷ್ಟರಲ್ಲಿ ಪುಟ ಪಟ್ಟನೆ ಬಂದು ನಿಂತಿತು.

ಮಾವ ಅಳಿಯನ ಮುಖ ನೋಡಿದರು, ಪರದೆ ನೋಡಿದರು, ಯಾಕೋ ಅಡುಗೆಮನೆಯ ಕಡೆಗೂ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡು ಹೇಳಿದರು:

"ಛೆ ಛೆ, ಇಷ್ಟು ಬೇಗ ಬಂದ್ರೆ ಹೇಗೆ? ಅದು ಸರಿಯಾಗಿ ಹುಡುಕ್ತೋ ಇಲ್ವೋ! ಪರೀಕ್ಷೆಲಿ ಎಲ್ರಿಗಿಂತ ಮೊದಲು ಎದ್ದು ಹೋಗೋ ಹುಡುಗನ ಉತ್ತರ ನಾನು ಯಾವತ್ತೂ ನಂಬಿದವನಲ್ಲ. ನಮ್ಮ ಹಡಗಿನ ಹದ ಇದಲ್ಲ ಅಳಿಯಂದ್ರೇ."

ಒಳಗಿನಿಂದ ಅತ್ತೆಯ ದನಿಯೂ ಬಂತು: "ನಂಗೂ ಯಾಕೋ ಸರಿ ಕಾಣ್ತಿಲ್ಲ. ಬೀನ್ಸು ಹಾಗೇ ಇದೆ."

ಜಗತ್ತಿನಲ್ಲಿ ಎಲ್ಲರೂ ಕಂಪ್ಯೂಟರು ಜೋರು ಮಾಡಿ ಎಂದು ಬಂದರೆ, ನಮ್ಮ ರಿಪೇರಿ ನೆಲದ ಮೇಲೆ ಕೂತು ಓಡುವ ಕುದುರೆಯ ಕಾಲಿಗೆ ಹಗ್ಗ ಕಟ್ಟುವ ಕೆಲಸಕ್ಕೆ ಇಳಿದ. ಪುಟ ಬಂದರೂ ತೋರಿಸದೆ ಬಚ್ಚಿಡಬೇಕು, ಅಷ್ಟು ಹೊತ್ತು ಹಡಗು ಕುಣಿಯುತ್ತಿರಬೇಕು, ಅಂಥದೊಂದು ಪ್ರೋಗ್ರಾಂ ಬರೆದ. ಮೊದಲ ಸಲ ಕೈ ಸ್ವಲ್ಪ ಜಾಸ್ತಿಯಾಯಿತು. ಹಡಗು ಹೊರಟದ್ದು ಹೊರಟೇಹೋಯಿತು. ಮಾವ ಬೀನ್ಸು ಮುಗಿಸಿದರು. ಅತ್ತೆ ಸದ್ದಿಲ್ಲದೆ ಬಂದು ಆಲೂಗಡ್ಡೆ ಇಟ್ಟು ಹೋದರು. ಅದೂ ಮುಗಿಯಿತು. ಬುಟ್ಟಿ ತುಂಬ ಈರುಳ್ಳಿ ಬಂತು. ಅತ್ತೆಯ ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

ಹೊರಗೆ ಕಾರಿನ ಹಾರನ್ ಕೇಳಿಸಿತು. ಷಡ್ಡಕನ ಹಾರನ್ನು ಅವನ ಹಾಗೆಯೇ, ಬೀದಿಗೆಲ್ಲ ಕೇಳಬೇಕು. ರಿಪೇರಿ ಗಾಬರಿಯಿಂದ ಮಾವನ ಕಡೆ ತಿರುಗಿದ. ಮಾವನ ಎರಡೂ ಕಣ್ಣಲ್ಲಿ ಧಾರಾಕಾರ ನೀರು! ಪಾಪ, ಮುದಿಜೀವ, ಇದು ಬೇರೆ ಹಡಗು ಅಂತ ಗೊತ್ತಾಗಿಬಿಟ್ಟಿದೆ! ಪಟ್ಟ ಹೋದರೆ ಹೋಗಲಿ ಎಂದು ಮಾವನ ಕೈ ಹಿಡಿದುಕೊಂಡ.

"ಮಾವ, ಅಳ್ಬೇಡಿ. ನಂದೇ ತಪ್ಪು. ನಿಮ್ಮ ಹಡಗು ಬೆಳಗ್ಗೇನೇ ಹೋಯ್ತು. ಇದು ಬರೀ ವೇಷ. ನಿಮ್ಮ ಪ್ರಾಣಕ್ಕೆ ಪ್ರಾಣವಾಗಿದ್ದನ್ನ ನಾನು ಉಳಿಸ್ಕೊಳ್ಳೋಕೆ ಆಗ್ಲಿಲ್ಲ."

ಮಾವ ಚಾಕು ಕೆಳಗಿಟ್ಟರು. ಕಣ್ಣೊರೆಸಿಕೊಂಡರು. "ಅಳೋದಾ? ಇದು ಈರುಳ್ಳಿ ಕಣ್ರೀ. ಹಡಗು ನಿಜವಾಗ್ಲೂ ಹೋಯ್ತಾ?"

"ಹೋಯ್ತು ಮಾವ."

"ಇನ್ನು ಬರಲ್ವಾ?"

"ಇಲ್ಲ ಮಾವ."

"ಬದುಕಿದೆ!" ಎಂದು ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಎಷ್ಟು ವರ್ಷ ತಡ್ಕೊಂಡಿದೀನಿ ಗೊತ್ತಾ? ಒಂದು ಸುದ್ದಿ ಓದೋಷ್ಟರಲ್ಲಿ ಅದು ಹಳೇದಾಗ್ತಿತ್ತು!" ಜೇಬಿನಿಂದ ಫೋನು ತೆಗೆದು ತೋರಿಸಿದರು. ಫಳಫಳ ಹೊಸ ಬ್ರೌಸರು. "ಹಿತ್ತಲಲ್ಲಿ ಕದ್ದು ಓದ್ತಿದ್ದೆ. ಪರೀಕ್ಷೆ, ಗಿರೀಕ್ಷೆ ಅಂದಿದ್ದೂ ನಿಮ್ಮ ಸಮಾಧಾನಕ್ಕೇ."

"ಮತ್ತೆ… ಹಡಗು ಅಂದ್ರೆ ನಿಮಗೆ ಪ್ರಾಣ ಅಂತ…"

"ನಂಗಾ? ನಿಮಗಲ್ವಾ ಪ್ರಾಣ? ಮದುವೆಗೆ ಮುಂಚೆ ಕೊಟ್ಟ ಉಡುಗೊರೆ, ತೆಗೆದ್ರೆ ಅಳಿಯಂದ್ರು ನಮ್ಮ ಮನೆ ಹೊಸ್ತಿಲು ತುಳಿಯಲ್ಲ ಅಂತ ನಿಮ್ಮತ್ತೇನೇ ಹೇಳಿದ್ಲು."

"ನಂಗೂ ಅತ್ತೇನೇ ಹೇಳಿದ್ದು…"

ಇಬ್ಬರೂ ಮೆಲ್ಲಗೆ ಅಡುಗೆಮನೆಯ ಬಾಗಿಲಿನತ್ತ ತಿರುಗಿದರು. ಅತ್ತೆ ಕುಂಬಳಕಾಯಿ ಎತ್ತಿಕೊಂಡು ನಿಂತಿದ್ದರು. ಮುಖದಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ.

"ಹೌದು, ಹೇಳ್ದೆ. ಏನೀಗ?" ಎಂದರು. "ಮದುವೆಯಾದಾಗಿನಿಂದ ಒಂದು ಮೆಣಸಿನಕಾಯಿ ಹೆಚ್ಚಿಕೊಡಿ ಅಂದ್ರೆ ಪತ್ರಿಕೆ ಮುಖಕ್ಕೆ ಹಿಡೀತಿದ್ರು ಈ ಮಹಾರಾಯರು. ಹಡಗು ಬಂದ ಮೇಲೆ ತಾನೆ ನನ್ನ ಕೈಗೆ ಬಿಡುವು ಸಿಕ್ಕಿದ್ದು? ಅದು ಕುಣೀತಿರೋವರೆಗೂ ಇವರು ಹೆಚ್ಚುತ್ತಾರೆ. ಅದಕ್ಕಿಂತ ಒಳ್ಳೇ ಕಂಪ್ಯೂಟರ್ ಲೋಕದಲ್ಲಿದೆಯಾ?"

ಅಷ್ಟರಲ್ಲಿ ಷಡ್ಡಕ ಹೊಳೆಯುವ ಪೆಟ್ಟಿಗೆ ಹಿಡಿದು ಒಳಗೆ ಬಂದ. "ನೋಡಿ ಅತ್ತೆ, ಹೊಸ ಟ್ಯಾಬು! ಬೆರಳು ಸೋಕಿದ್ರೆ ಸಾಕು, ಕಣ್ಣು ಮಿಟುಕಿಸೋದ್ರೊಳಗೆ ಪುಟ ರೆಡಿ!"

"ಹಾಗಾದ್ರೆ ಬೇಡಪ್ಪ" ಎಂದರು ಅತ್ತೆ. "ವಾಪಸ್ ತಗೊಂಡು ಹೋಗಿ. ಈ ಮನೆಗೆ ಏನೇ ಹಾಕಿದ್ರೂ ನಮ್ಮ ಕಂಪ್ಯೂಟರ್ ಅಳಿಯಂದ್ರೇ ಹಾಕ್ಬೇಕು."

ಷಡ್ಡಕ ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿದ. ರಿಪೇರಿಯ ಎದೆ ಉಬ್ಬಿತು. ಆದರೆ ಅತ್ತೆ ಮಾತು ಮುಗಿಸಿರಲಿಲ್ಲ.

"ಅಳಿಯಂದ್ರೇ, ಇವತ್ತಿನ ನಿಧಾನ ಚೆನ್ನಾಗಿದೆ, ಹಾಗೇ ಇರ್ಲಿ. ಕುಂಬಳಕಾಯಿ ದಿನಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಮಾಡೋ ಹಾಗೆ ಒಂದು ಗುಂಡಿ ಇಟ್ಟುಕೊಡಿ. ಪಾಸ್‌ವರ್ಡ್ ನಾನೇ ಹಾಕ್ತೀನಿ, ನೀವಿಬ್ರೂ ಆ ಕಡೆ ತಿರುಗಿ. ಇವರ ಫೋನಿಗೂ ಹಾಕಿ."

ಮಾವ ಫೋನು ಬೆನ್ನ ಹಿಂದೆ ಬಚ್ಚಿಟ್ಟರು. ಪ್ರಯೋಜನವಾಗಲಿಲ್ಲ. ಹೊರಡುವ ಮುಂಚೆ ಷಡ್ಡಕನ ಹೆಂಡತಿ ಕೂಡ ಅಮ್ಮನ ಕಿವಿಯಲ್ಲಿ ಏನೋ ಹೇಳಿ, ಆ ಹೊಸ ಟ್ಯಾಬನ್ನು ತಂದು ರಿಪೇರಿಯ ಮುಂದೆ ಇಟ್ಟಳು. ಷಡ್ಡಕ ಅವನನ್ನು ನುಂಗುವ ಹಾಗೆ ನೋಡಿದ.

ರಿಪೇರಿ ಹೊಸ್ತಿಲು ದಾಟಿದ್ದನಷ್ಟೆ, ಹೆಂಡತಿಯ ಫೋನು. ಜೇನು ಸುರಿಯುವ ದನಿ.

"ರೀ, ಅಮ್ಮ ಎಲ್ಲಾ ಹೇಳಿದ್ಲು. ನೀವು ಎಂಥಾ ಬುದ್ಧಿವಂತರು! ಬರೋವಾಗ ಆ ಹಡಗನ್ನ ನಮ್ಮ ಮನೆಗೂ ತಗೊಂಡು ಬನ್ನಿ. ಪಾಸ್‌ವರ್ಡ್ ಅಮ್ಮಂದೇ ಇರ್ಲಿ."

ಆ ರಾತ್ರಿ ಕಂಪ್ಯೂಟರ್ ಅಳಿಯಂದ್ರು ತಮ್ಮ ಮನೆಯಲ್ಲಿ, ತಾವೇ ಬರೆದ ಪ್ರೋಗ್ರಾಮಿನ ಮುಂದೆ, ಬೆಳ್ಳುಳ್ಳಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊರಿನ ಯಾವ ಕಂಪ್ಯೂಟರನ್ನಾದರೂ ಬಿಚ್ಚಿ ಸರಿಮಾಡಬಲ್ಲ ಮನುಷ್ಯನಿಗೆ ಅತ್ತೆಯ ಪಾಸ್‌ವರ್ಡ್ ಬಿಚ್ಚುವ ಧೈರ್ಯವಿರಲಿಲ್ಲ. ಒಂದು ಗಡ್ಡೆ ಸುಲಿದು ಮುಗಿಸಿ ಆಸೆಯಿಂದ ತಲೆಯೆತ್ತಿದರು. ಮೂಲೆಯಲ್ಲಿ ಹಡಗು ಇನ್ನೂ ಕುಣಿಯುತ್ತಿತ್ತು. ಇನ್ನೊಂದು ಗಡ್ಡೆ ಕೈಗೆತ್ತಿಕೊಂಡರು.